ಮೂರನೇ ಕ್ಯಾಮೆರಾದ ಮರೆವು

ಒಂಬತ್ತನೇ ಕಂತು

"ಕರೆಂಟಿಗೆ ಮಾತ್ರ ಯಾರೂ ಕೈ ಹಚ್ಚಬೇಡಿ! ಬೇರೆ ಏನು ಬೇಕಾದ್ರೂ ಬಿಚ್ಚಿ!"

ನಾನು ಕೂಗಿದ ರಭಸಕ್ಕೆ, ಮೂರನೇ ಕ್ಯಾಮೆರಾದ ಅಟ್ಟ ಹತ್ತುತ್ತಿದ್ದ ಹಾರ್ಮೆನ್ ಒಂದು ಕಾಲು ಏಣಿಯ ಮೇಲೆ, ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು ನಿಂತುಬಿಟ್ಟ. ಕಾಲುವೆಯ ಆಚೆ ದಡದ ಬೆಂಚುಗಳ ಮೇಲಿದ್ದ ಈಸ್ಟರ್‌ಡೈಕ್ ಊರಿನವರು ಕತ್ತು ಉದ್ದ ಮಾಡಿದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಚರ್ಚಿನಲ್ಲಿರಬೇಕಾದವರೆಲ್ಲ ನಮ್ಮೂರಿನ ಮಾನ ಹೋಗುವುದನ್ನು ನೋಡಲು ಬಂದು ಕೂತಿದ್ದರು.

ಮಾನ ಹೋಗಲು ಇನ್ನು ಎರಡು ಗಂಟೆ ಇತ್ತು. ನಿನ್ನೆ ಮಧ್ಯಾಹ್ನ ಮೂರು ನಲವತ್ತೆರಡಕ್ಕೆ ಕೋಲು ಹಿಡಿದು ಕಾಲುವೆ ಹಾರುವ ಸ್ಪರ್ಧೆಯಲ್ಲಿ ನಮ್ಮೂರು ನೈಯವಾಲ್‌ನ ಹುಡುಗಿ ಹಿಸ್ಕೆ ಹಾರಿ ಈಚೆ ದಡದ ಮರಳಿಗೆ ಬಿದ್ದ ಕ್ಷಣದಲ್ಲೇ, ಆ ಮರಳನ್ನು ತೋರಿಸುತ್ತಿದ್ದ ಒಂದೇ ಒಂದು ಕ್ಯಾಮೆರಾದ ಚಿತ್ರ ಪ್ರಸಾರದ ವ್ಯಾನಿನಲ್ಲಿ ಕಪ್ಪಾಗಿತ್ತು.

ಬಿದ್ದಾಗ ಅವಳ ಕೈ ಹಿಂದಕ್ಕೆ ಊರಿತು, ಹಾರಿದ ದೂರವನ್ನು ಹಿಂದಿನ ಆ ಕೈ ಗುರುತಿನವರೆಗೆ ಮಾತ್ರ ಅಳೆಯಬೇಕಿತ್ತು, ಆಗ ಅವಳು ಸೋಲುತ್ತಿದ್ದಳು ಎಂದು ಈಸ್ಟರ್‌ಡೈಕ್‌ನವರ ದೂರು. ಕ್ಯಾಮೆರಾ ಹಿಡಿದಿದ್ದವನು ಹಿಸ್ಕೆಯ ಅಪ್ಪ ವೊಬ್ಬೆ. ಮಗಳ ಕೈ ಊರಿದ್ದನ್ನು ಕಂಡು ಅಪ್ಪನೇ ಕೇಬಲ್ ಕಿತ್ತ ಎಂದು ರಾತ್ರಿ ಬೆಳಗಾಗುವುದರೊಳಗೆ ಹತ್ತು ಹಳ್ಳಿಗೆ ಸುದ್ದಿ. ಹನ್ನೆರಡು ಗಂಟೆಗೆ ತೀರ್ಪುಗಾರರು ಸೇರುತ್ತಾರೆ. ಅಷ್ಟರೊಳಗೆ ಅದು ಸುಳ್ಳೆಂದು ತೋರಿಸದಿದ್ದರೆ ಬಹುಮಾನದ ಬೆಳ್ಳಿ ಕೋಲು ಈಸ್ಟರ್‌ಡೈಕ್‌ಗೆ ಹೋಗುತ್ತದೆ, ವೊಬ್ಬೆ ಈ ಪ್ರಾಂತದ ಯಾವ ಮೈದಾನದಲ್ಲೂ ಇನ್ನೊಮ್ಮೆ ಕ್ಯಾಮೆರಾ ಮುಟ್ಟುವಂತಿಲ್ಲ.

ಅವನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವಳು ನಾನು. ಮೂವತ್ತೊಂದು ವರ್ಷ ಬಯಲು ಪ್ರಸಾರದ ವ್ಯಾನಿನಲ್ಲಿ ದುಡಿದು ನಿವೃತ್ತಳಾದರೂ, ಎಲ್ಲಿ ಪರದೆ ಕಪ್ಪಾದರೂ ಮೊದಲ ಫೋನು ನನಗೇ. ಬೆನ್ನ ಹಿಂದೆ ನನ್ನನ್ನು ಕಪ್ಪು ಪರದೆ ಬೌಕ್ಯ ಎನ್ನುತ್ತಾರೆ. ಮುಖದೆದುರೇ ಅಂದರೂ ನನಗೆ ಹೆಮ್ಮೆಯೇ.

ಇಂಥ ಹೊತ್ತಿನಲ್ಲಿ ಮಗಳು ಯೆಲ್ಟ್ಸೆ ಪಕ್ಕದಲ್ಲಿರುತ್ತಿದ್ದಳು. ದ್ವೀಪದಲ್ಲಿ ಕೆಲಸವಿದೆ, ಈ ವಾರ ಬರಲಾಗುವುದಿಲ್ಲ ಎಂದು ಶುಕ್ರವಾರವೇ ಫೋನ್ ಮಾಡಿದ್ದಳು. ಹಾಗಾಗಿ ಹಾರ್ಮೆನ್ ಒಬ್ಬನನ್ನೇ ಗದರಿಸಿಕೊಂಡು ಕೆಲಸ ಮಾಡಬೇಕಾಗಿತ್ತು. ಅವನೂ ನನ್ನ ಶಿಷ್ಯನೇ. ಈಗ ವ್ಯಾನಿನಲ್ಲಿ ಸ್ವಿಚ್ಚರ್ ಮುಂದೆ ಕೂತು, ಯಾವ ಕ್ಯಾಮೆರಾದ ಚಿತ್ರ ಜನಕ್ಕೆ ಕಾಣಬೇಕೆಂದು ಗುಂಡಿ ಒತ್ತುವವನು ಅವನೇ.

"ನಿನ್ನೆ ಸಂಜೆ ತೀರ್ಪುಗಾರ ಮೇಷ್ಟ್ರು ಅಟ್ಟಕ್ಕೆ ಬೀಗ ಹಾಕಿಸಿದಾಗಿನಿಂದ ಈ ಕ್ಯಾಮೆರಾ ಉರೀತಾನೇ ಇದೆ, ಮುಯ್ಕೆ," ಎಂದ ಅವನು. ಊರಿನ ಕಿರಿಯರಿಗೆಲ್ಲ ನಾನು ಮುಯ್ಕೆ, ಅಂದರೆ ಅತ್ತೆ.

"ಉರೀಲಿ. ಒಂದು ಸಲಕ್ಕೆ ಎಷ್ಟು ಬದಲಿಸಬೇಕು?"

"ಒಂದೇ ಒಂದು."

"ಯಾಕೆ?"

"ಎರಡು ಬದಲಿಸಿದ್ರೆ ಯಾವುದು ಕೆಟ್ಟಿತ್ತು ಅಂತ ದೇವರಿಗೂ ಗೊತ್ತಾಗಲ್ಲ." ಪಾಠ ಒಪ್ಪಿಸುವವನಂತೆ ಹೇಳಿ ನಕ್ಕ.

ಮೊದಲು ವ್ಯಾನಿನಲ್ಲಿ ಸ್ವಿಚ್ಚರ್‌ನ ಮೂರನೇ ತೂತಿಗೆ ಎರಡನೇ ಕ್ಯಾಮೆರಾದ ಕೇಬಲ್ ಸಿಕ್ಕಿಸಿದೆವು. ಚಿತ್ರ ಬಂತು. ತೂತು ಸರಿಯಾಗಿದೆ ಎಂದಾಯಿತು. ಆಮೇಲೆ ಎರಡನೇ ಕ್ಯಾಮೆರಾವನ್ನೇ ಹೊತ್ತು ತಂದು, ಅಟ್ಟದ ಮೇಲೆ ಮೂರನೆಯದರ ಕೇಬಲ್ಲಿಗೆ ಹಚ್ಚಿದೆವು. ಆಗಲೂ ಚಿತ್ರ ಬಂತು.

ನಾನು ಅಟ್ಟದ ಮೇಲಿಂದ ಈಸ್ಟರ್‌ಡೈಕ್‌ನವರ ಕಡೆ ತಿರುಗಿದೆ. "ಕೇಬಲ್ ಕಿತ್ತ, ಕತ್ತರಿಸಿದ ಅಂದೋರು ಯಾರಪ್ಪಾ? ಕೇಬಲ್ ಗುಂಡುಕಲ್ಲಿನ ಹಾಗಿದೆ!"

ಅಲ್ಲಿಂದ ಒಬ್ಬ ಕೂಗಿದ: "ಹಾಗಾದ್ರೆ ಕ್ಯಾಮೆರಾಗೆ ಕಣ್ಣು ಹೋಯ್ತಾ, ಅಜ್ಜಿ?"

"ನಿನ್ನ ಕಣ್ಣಿಗಿಂತ ಚೆನ್ನಾಗಿದೆ. ನೀನು ಊರದೇ ಇದ್ದ ಕೈ ಕಂಡೋನು!"

ನಮ್ಮ ಕಡೆಯವರು ನಕ್ಕರು. ನಾನು ನಗಲಿಲ್ಲ. ಮೂರನೇ ಕ್ಯಾಮೆರಾದ ಸ್ವಂತ ಕಿರುಪರದೆಯಲ್ಲಿ ಮರಳು, ಕಾಲುವೆ, ಮೋಡ ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಆದರೂ ವ್ಯಾನಿನಲ್ಲಿ ಕಪ್ಪು. ಕ್ಯಾಮೆರಾ ನೋಡುತ್ತಿದೆ, ಕಳಿಸುತ್ತಲೂ ಇದೆ, ಆದರೆ ಅದು ಆಡುವ ಮಾತು ಸ್ವಿಚ್ಚರ್‌ಗೆ ತಿಳಿಯುತ್ತಿಲ್ಲ.

ಅದರ ಬದಿಯಲ್ಲಿ ಹಳದಿ ಟೇಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಅಜ್ಜನಿಗೆ ಮರೆವು. ಆರಿಸಬೇಡಿ.

ನಮ್ಮ ತಂಡದಲ್ಲಿ ಈ ಕ್ಯಾಮೆರಾದ ಹೆಸರೇ ಅಜ್ಜ. ಬೇರೆ ದೇಶದಲ್ಲಿ ಒಂದು ಆಯುಷ್ಯ ದುಡಿದು ನಮ್ಮ ಕೈಗೆ ಬಂದದ್ದು. ಅದರ ಹೊಟ್ಟೆಯೊಳಗಿನ ಗುಂಡಿಯಷ್ಟು ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ಓಡುವ ವಸ್ತುವನ್ನು ಬದಲಿಸುವ ಜಾಯಮಾನ ನಮ್ಮವರದಲ್ಲ, ಹಾಗಾಗಿ ಟೇಪು ಅಂಟಿಸಿ ಸುಮ್ಮನಾದೆವು. ಕರೆಂಟು ಎರಡು ಸೆಕೆಂಡು ತಪ್ಪಿದರೂ ಅಜ್ಜ ಹುಟ್ಟಿದ ದಿನಕ್ಕೆ ಮರಳುತ್ತಾನೆ, ತನ್ನ ಗಡಿಯಾರವನ್ನೂ ಸೊನ್ನೆಯಿಂದ ಶುರುಮಾಡುತ್ತಾನೆ. ಹುಟ್ಟಿದ ದೇಶದ ಲೆಕ್ಕದಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ ಕಳಿಸತೊಡಗುತ್ತಾನೆ. ನಮ್ಮ ಸ್ವಿಚ್ಚರ್‌ಗೆ ಐವತ್ತು ಮಾತ್ರ ಗೊತ್ತು.

ನಾನು ಮೆನು ತೆರೆದೆ. ಅರವತ್ತು.

ಅದರ ಕೆಳಗಿನ ಸಾಲಿನಲ್ಲಿ ಅಜ್ಜನ ಗಡಿಯಾರವಿತ್ತು.

"ಮೇಷ್ಟ್ರೇ, ಮೇಲೆ ಬನ್ನಿ. ಪೆನ್ನು ತನ್ನಿ!"

ತೀರ್ಪುಗಾರರ ಮುಖ್ಯಸ್ಥ ರಿಮರ್ಸ್ಮಾ ಮೇಷ್ಟ್ರು ಏದುಸಿರು ಬಿಡುತ್ತ ಏಣಿ ಹತ್ತಿದರು. ಅರ್ಧ ಊರಿಗೆ ಅಕ್ಷರ ಕಲಿಸಿದವರು. ಅವರ ಮುಂದೆ ಯಾರೂ ಬಾಯಿಗೆ ಬಂದದ್ದು ಹೇಳುವಂತಿಲ್ಲ.

"ತಾರೀಖು ಓದಿ."

"ಜನವರಿ ಒಂದು." ಕನ್ನಡಕ ಸರಿಮಾಡಿಕೊಂಡರು. "ಇದೇನೇ ಬೌಕ್ಯ, ಈಗ ಆಗಸ್ಟು."

"ಗಂಟೆ?"

"ಹದಿನೆಂಟು ನಲವತ್ತೊಂಬತ್ತು."

"ನಿಮ್ಮ ಕೈಗಡಿಯಾರ?"

"ಹತ್ತು ಮೂವತ್ತೊಂದು."

"ಅಜ್ಜ ಎದ್ದು ಹದಿನೆಂಟು ಗಂಟೆ ನಲವತ್ತೊಂಬತ್ತು ನಿಮಿಷ ಆಯ್ತು. ಆಮೇಲೆ ಮಲಗಿಲ್ಲ. ಹಿಂದಕ್ಕೆ ಕಳೀರಿ, ಮೇಷ್ಟ್ರೇ. ನೀವೇ ಕಲಿಸಿದ್ದು."

ಮೇಷ್ಟ್ರು ತುಟಿ ಅಲ್ಲಾಡಿಸುತ್ತ ಕಳೆದರು. ಇನ್ನೊಮ್ಮೆ ಕಳೆದರು. "ನಿನ್ನೆ ಮೂರು ನಲವತ್ತೆರಡು," ಎಂದರು, ದನಿ ತಗ್ಗಿಸಿ.

ಕೇಬಲ್ಲಲ್ಲ, ಕರೆಂಟು. ಯಾರೋ ಪ್ಲಗ್ ಕಿತ್ತು ಮತ್ತೆ ಹಾಕಿದ್ದರು. ಆ ಪ್ಲಗ್ ಇದ್ದದ್ದು ಅಟ್ಟದ ಬಳಿ ಅಲ್ಲ, ಮೂವತ್ತು ಮೀಟರ್ ಆಚೆ ಕಾಫಿ ಡೇರೆಯ ಹಿಂದೆ. ಮೇಷ್ಟ್ರು ಸಮಯ ಬರೆದುಕೊಂಡು ಸಹಿ ಹಾಕಿದರು. ಈ ವಯಸ್ಸಿನಲ್ಲೂ ಅವರ ಸಹಿ ಕಂಡು ನನ್ನ ಮೈ ಜುಮ್ಮೆಂದಿತು ಎಂದರೆ ನಗಬೇಡಿ.

ಅಟ್ಟದ ಕೆಳಗೆ ವೊಬ್ಬೆ ಟೋಪಿ ಹಿಸುಕುತ್ತ ನಿಂತಿದ್ದ. ನಿನ್ನೆಯಿಂದ ಅವನ ಬಾಯಲ್ಲಿ ಒಂದೇ ಮಾತು: ನಾನು ಏನೂ ಮುಟ್ಟಿಲ್ಲ. ಅವನನ್ನು ಪಕ್ಕಕ್ಕೆ ಕರೆದೆ.

"ಕರೆಂಟು ಹೋದ್ರೆ ಕಿರುಪರದೆಯೂ ಆರುತ್ತೆ, ಮತ್ತೆ ಹತ್ತುತ್ತೆ. ನಿನ್ನ ಮೂಗಿನ ಮುಂದೆ. ನೋಡಿದೆ ತಾನೇ? ಯಾಕೆ ಹೇಳ್ಲಿಲ್ಲ?"

ಆರಡಿ ಎತ್ತರದ ಗಂಡಸು ಕಿವಿಯವರೆಗೆ ಕೆಂಪಾದ.

"ವೊಬ್ಬೆ!"

"ನಾನು ನೋಡ್ಲಿಲ್ಲ, ಮುಯ್ಕೆ."

"ನೋಡ್ಲಿಲ್ಲ ಅಂದ್ರೆ?"

"ಹುಡುಗಿ ಕೋಲಿನ ತುದಿಗೆ ಹತ್ತಿ ಗಾಳೀಲಿ ಬಗ್ಗಿದಾಗ... ಅಷ್ಟು ಚೆಂದ ಅವಳು ಯಾವತ್ತೂ ಹಾರಿರಲಿಲ್ಲ. ನಾನು ಕ್ಯಾಮೆರಾದಿಂದ ತಲೆ ಎತ್ತಿಬಿಟ್ಟೆ. ಬರೀ ಕಣ್ಣಲ್ಲಿ ನೋಡ್ತಾ ನಿಂತೆ. ಕೈ ಬಿಟ್ಟೂ ಬಿಟ್ಟೆ." ಟೋಪಿಯನ್ನು ಇನ್ನೂ ಹಿಸುಕಿದ. "ಏನೇ ಆದ್ರೂ ಕಿರುಪರದೆಯಿಂದ ಕಣ್ಣು ಕೀಳಬೇಡ ಅಂತ ನೀವು ಹೇಳಿದ್ರಿ. ನಿಮ್ಮ ಮುಂದೆ ಹೇಗೆ ಹೇಳ್ಲಿ?"

ಕಳ್ಳ ಎನಿಸಿಕೊಂಡರೂ ಸರಿ, ಕೆಟ್ಟ ಕ್ಯಾಮೆರಾದವನು ಎನಿಸಿಕೊಳ್ಳಬಾರದು ಎಂದು ಬಾಯಿ ಕಟ್ಟಿಕೊಂಡಿದ್ದ! ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ಇಂಥ ಹುಚ್ಚನನ್ನು ತಯಾರು ಮಾಡಿದ್ದು ನಾನೇ ಎಂದು ಒಳಗೊಳಗೇ ಖುಷಿಯಾಯಿತು.

ಆಚೆ ದಡದ ಒಂದನೇ ಕ್ಯಾಮೆರಾದ ದೂರದ ಚಿತ್ರವನ್ನು ಹಾಕಿ ನೋಡಿದೆವು. ಸಾಲುಗಟ್ಟಿದ ಜನ ಮರಳನ್ನು ಮರೆಮಾಡಿದ್ದರು, ಆದರೆ ಅಟ್ಟದ ಮೇಲಿನ ವೊಬ್ಬೆ ಎಲ್ಲರಿಗಿಂತ ಎತ್ತರದಲ್ಲಿ ಕಾಣುತ್ತಿದ್ದ. ಮೂರು ನಲವತ್ತೆರಡಕ್ಕೆ ಅವನ ಎರಡೂ ಕೈ ಅವನ ತಲೆಯ ಮೇಲಿದ್ದವು.

"ಪ್ಲಗ್ಗಿನ ಕಡೆ ಹೋಗ್ತೀನಿ," ಎಂದೆ.

ವೊಬ್ಬೆ ಹಿಂದೆಯೇ ಬಂದ. "ಅಲ್ಲಿ ಉಳಿದ ವೈರನ್ನ ಗುಡ್ಡೆ ಹಾಕಿ ಬಂದಿದ್ದೆ, ಮುಯ್ಕೆ. ಸುತ್ತೋಕೆ ಟೈಮ್ ಇರಲಿಲ್ಲ. ಅದಕ್ಕೂ ಸೇರಿಸಿ ಬೈದುಬಿಡಿ."

ಕಾಫಿ ಡೇರೆಯ ಹೆಂಗಸರು ನನ್ನನ್ನು ಕಂಡದ್ದೇ ತಡ, ಬೆಣ್ಣೆ ಸವರಿದ ಸಕ್ಕರೆ ಬ್ರೆಡ್ಡಿನ ತುಂಡನ್ನು ಕೈಗಿಟ್ಟು ತಮ್ಮ ನಿರ್ದೋಷಿತನ ಸಾರಿದರು. "ನಮ್ಮ ಕಾಫಿ ಹಂಡೆಗೆ ಬೇರೆ ಪ್ಲಗ್ಗಿದೆ. ಕ್ಯಾಮೆರಾದ ಪ್ಲಗ್ಗಿನ ಹತ್ತಿರ ನಾವು ಸುಳಿಯೋದೂ ಇಲ್ಲ. ಹಿಸ್ಕೆ ಹಾರೋವಾಗ ಇಲ್ಲಿ ಒಂದು ಇಲಿ ಕೂಡ ಇರಲಿಲ್ಲ, ಎಲ್ಲಾ ನೋಡೋಕೆ ಓಡಿಹೋಗಿದ್ವಿ."

ಡೇರೆಯ ಹಿಂದೆ ಹೋದೆ. ಅಲ್ಲಿ ಗುಡ್ಡೆ ಇರಲಿಲ್ಲ.

ಉಳಿದ ವೈರು ಗೂಟಕ್ಕೆ ನೇತುಹಾಕಿದ ಸುರುಳಿಯಾಗಿತ್ತು. ಒಂದು ಸುತ್ತು ಒಳಗೆ, ಒಂದು ಹೊರಗೆ, ಎಲ್ಲ ಸುತ್ತೂ ಒಂದೇ ಅಳತೆ, ಎಲ್ಲೂ ಮುರುಟಿಲ್ಲ. ವೈರಿನ ತುದಿಯ ದಾರದಿಂದ ಬಿಗಿದು, ಕಿವಿಯಂಥ ಕುಣಿಕೆ ಹೊರಗೆ ಬಿಟ್ಟು ಗಂಟು ಹಾಕಿತ್ತು.

ಕೈಯಲ್ಲಿದ್ದ ಬ್ರೆಡ್ಡು ಹುಲ್ಲಿನ ಮೇಲೆ ಬಿತ್ತು.

ಅದು ನಮ್ಮಪ್ಪನ ಗಂಟು. ಅಪ್ಪ ಸರಕು ದೋಣಿಯ ನಾಯಕನಾಗಿದ್ದ, ಎಡಚ. ಹಗ್ಗವನ್ನು ಸುತ್ತಿ ಎಡಗೈಯಲ್ಲಿ ಹೀಗೆಯೇ ಬಿಗಿಯುತ್ತಿದ್ದ. ನಾನೂ ಎಡಚಿ. ದೋಣಿಯ ಗಂಟನ್ನು ವ್ಯಾನಿಗೆ ತಂದವಳು ನಾನು. ನನ್ನ ಶಿಷ್ಯರನ್ನು ಬಿಟ್ಟು ಪ್ರಾಂತದಲ್ಲಿ ಬೇರೆ ಯಾರೂ ಇದನ್ನು ಹಾಕುವುದಿಲ್ಲ ಎಂದು ಎಷ್ಟು ಮದುವೆ ಮನೆಗಳಲ್ಲಿ ಜಂಬ ಕೊಚ್ಚಿಕೊಂಡಿದ್ದೇನೋ!

ಕಳ್ಳತನಕ್ಕೆ ಬಂದ ಕೈ ಕೆಲಸ ಮುಗಿಸಿ ಓಡಬೇಕಿತ್ತು. ಕಾಲಡಿ ಬಿದ್ದ ವೈರಿನ ಗುಡ್ಡೆಯನ್ನು ಕಂಡು ಸುಮ್ಮನಿರಲಾರದೆ ಸುತ್ತಿಟ್ಟು ಹೋಗಿತ್ತು. ನಾನು ಪಳಗಿಸಿದ ಕೈ ಮಾತ್ರ ಇಂಥ ತಪ್ಪು ಮಾಡಬಲ್ಲದು.

ಮೇಷ್ಟ್ರ ಅನುಮತಿ ಪಡೆದು ಎರಡೂ ತುದಿಯ ಪ್ಲಗ್ ಕಿತ್ತು, ಗಂಟು ಬಿಚ್ಚದೆ ಸುರುಳಿಯನ್ನು ಎತ್ತಿಕೊಂಡು ವ್ಯಾನಿಗೆ ನಡೆದೆ. ಹಾರ್ಮೆನ್ ಒಬ್ಬನೇ ಇದ್ದ. ಬಾಗಿಲು ಎಳೆದುಕೊಂಡು ಸುರುಳಿಯನ್ನು ಸ್ವಿಚ್ಚರ್ ಪಕ್ಕ ಇಟ್ಟೆ.

"ನೋಡು."

ಅವನು ನೋಡಿ ತಕ್ಷಣ ಕಣ್ಣನ್ನು ಬೇರೆಡೆ ತಿರುಗಿಸಿದ. ಹೊಸ ವಸ್ತುವನ್ನು ಯಾರೂ ಅಷ್ಟು ಬೇಗ ನೋಡಿ ಮುಗಿಸುವುದಿಲ್ಲ.

"ಇದನ್ನ ಮೊದಲೇ ನೋಡಿದ್ದೀಯ."

"ಇಲ್ಲ."

"ಹಾರ್ಮೆನ್, ನನಗೆ ಸುಳ್ಳು ಹೇಳೋದನ್ನ ನಾನು ನಿನಗೆ ಕಲಿಸಿಲ್ಲ. ಈ ಗಂಟು ಹಾಕೋರು ನಾನು, ವೊಬ್ಬೆ, ನೀನು. ನಾನು ಬೆಂಚಿನ ಮೇಲಿದ್ದೆ. ವೊಬ್ಬೆ ಕೈ ಅವನ ತಲೆ ಮೇಲಿತ್ತು. ನಿನ್ನ ಕೈ ಎಲ್ಲಿತ್ತು?"

ಅವನ ಮುಖ ಬಿಗಿದುಕೊಂಡಿತು. ಕುರ್ಚಿ ತಿರುಗಿಸಿ ನಿನ್ನೆಯ ಪ್ರಸಾರದ ರೆಕಾರ್ಡಿಂಗ್ ಹಾಕಿದ.

ಹಿಸ್ಕೆ ಕೋಲಿನ ತುದಿಯಲ್ಲಿದ್ದಳು. ಕಾಲು ಚಾಚಿದಳು. ಕಪ್ಪು. ಒಂದು ಸೆಕೆಂಡು ಕೂಡ ಪೂರ್ತಿ ಆಗಿರಲಿಲ್ಲ, ಒಂದನೇ ಕ್ಯಾಮೆರಾದ ದೂರದ ಚಿತ್ರ ಬಂತು. ಅಲ್ಲಿಂದ ಎರಡಕ್ಕೆ, ಅವಳ ತಾಯಿಯ ಮುಖ. ಮತ್ತೆ ಒಂದಕ್ಕೆ.

"ಇಲ್ಲಿ ಗುಂಡಿ ಒತ್ತಿದ್ದು ಯಾರು, ಮುಯ್ಕೆ? ನಿಮ್ಮಪ್ಪನ ದೋಣೀನಾ?"

ತಲೆಗೆ ಏಟು ಬಿದ್ದ ಹಾಗಾಯಿತು. ಆದರೂ ಹೇಳಿಬಿಡುತ್ತೇನೆ, ಮೊದಲು ಮನಸ್ಸಿಗೆ ಬಂದದ್ದು ನಾಚಿಕೆಯಲ್ಲ, ಎಂಥ ಕೈ ಇವನದು ಎಂಬ ಮೆಚ್ಚುಗೆ. ಮನೆಯಲ್ಲಿ ನೋಡುತ್ತಿದ್ದವರಿಗೆ ಆ ಕಪ್ಪು ಕಣ್ಣು ಮಿಟುಕಿಸಿದಷ್ಟೇ ಅನಿಸಿರಬೇಕು.

"ತಪ್ಪಾಯ್ತು," ಎಂದೆ. ನನ್ನ ಬಾಯಿಂದ ಆ ಮಾತು ಕೇಳಿದವರು ಊರಲ್ಲಿ ಕಡಿಮೆ. "ಆದ್ರೂ ಗಂಟನ್ನ ನೀನು ಮೊದಲೇ ನೋಡಿದ್ದೆ."

"ನಿನ್ನೆ ಸಂಜೆ. ಕರೆಂಟು ಹೋಗಿರಬಹುದಾ ಅಂತ ನನಗೂ ಅನುಮಾನ ಬಂತು, ಹೋಗಿ ನೋಡಿದೆ."

"ನೋಡಿಯೂ ವೊಬ್ಬೆ ಕಳ್ಳ ಅನ್ನಿಸಿಕೊಳ್ಳೋವಾಗ ಸುಮ್ಮನಿದ್ದೆಯಲ್ಲೋ! ಅವನು ನಿನ್ನ ಜತೆಗಾರ."

"ಹೌದು, ಸುಮ್ಮನಿದ್ದೆ. ನಿದ್ದೆ ಬರಲಿಲ್ಲ, ಆದ್ರೂ ಸುಮ್ಮನಿದ್ದೆ." ಅವನು ಸುರುಳಿಯನ್ನು ನನ್ನ ಕಡೆ ತಳ್ಳಿದ. "ಮುಯ್ಕೆ, ನೀವು ಆ ಗಂಟು ಇಬ್ಬರಿಗೆ ಮಾತ್ರ ಕಲಿಸಿದ್ದಲ್ಲ."

"ಇಬ್ಬರಿಗೇ."

"ಮತ್ತೆ ಎಣಿಸಿ."

ಎಣಿಸಿದೆ. ವೊಬ್ಬೆ ಒಂದು, ಹಾರ್ಮೆನ್ ಎರಡು.

"ಅಜ್ಜನಿಗೆ ಮರೆವು ಅನ್ನೋದು ತಂಡದ ಹೊರಗೆ ಯಾರಿಗೆ ಗೊತ್ತು?" ಎಂದ ಹಾರ್ಮೆನ್, ಮೆಲ್ಲಗೆ. "ಅಜ್ಜ ಅಂತ ಹೆಸರಿಟ್ಟಿದ್ದು ಯಾರು? ಹಳದಿ ಟೇಪಿನ ಮೇಲೆ ಬರೆದಿದ್ದು ಯಾರ ಅಕ್ಷರ?"

ನನ್ನ ಅಡುಗೆಮನೆಯ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತ ಏಳು ವರ್ಷದ ಹುಡುಗಿ ನೆನಪಾದಳು. ಕಿಟಕಿ ಪರದೆಯ ದಾರ ತಂದು, ನಾಲಿಗೆ ಕಚ್ಚಿಕೊಂಡು, ಎಡಗೈಯಲ್ಲಿ ಗಂಟು ಹಾಕಿ, ಅಮ್ಮಾ ನೋಡು ಎಂದು ಎತ್ತಿ ಹಿಡಿದಿದ್ದಳು. ನನಗಿಂತ ಚೆನ್ನಾಗಿ ಹಾಕಿದ್ದಳು. ಅವಳಿಗೆ ಕಲಿಸಿದ್ದು ನನಗೆ ಪಾಠ ಅನಿಸಿರಲೇ ಇಲ್ಲ, ಹಾಗಾಗಿ ಲೆಕ್ಕಕ್ಕೆ ಬಂದಿರಲಿಲ್ಲ.

"ಅವಳು ದ್ವೀಪದಲ್ಲಿದ್ದಾಳೆ," ಎಂದೆ.

"ಹಾಗಂತ ಅವಳು ಹೇಳಿದ್ದು." ಹಾರ್ಮೆನ್ ಎದ್ದು ನಿಂತ. "ನೀವೇ ಕಂಡುಹಿಡಿಯಬೇಡಿ ಅಂತ ದೇವರನ್ನ ಬೇಡ್ಕೊಂಡೆ. ಆದ್ರೆ ನೀವಲ್ವಾ, ಕಂಡುಹಿಡಿದೇ ಹಿಡೀತೀರಿ."

ಬಾಗಿಲು ಬಡಿದ ಸದ್ದಾಯಿತು.

ರಿಮರ್ಸ್ಮಾ ಮೇಷ್ಟ್ರು ನಿಂತಿದ್ದರು, ಅವರ ಹಿಂದೆ ಉಳಿದ ತೀರ್ಪುಗಾರರು, ವೊಬ್ಬೆ, ಅವನ ತೋಳು ಹಿಡಿದ ಹಿಸ್ಕೆ, ಆಚೆ ದಡದಿಂದ ಸುತ್ತು ಬಳಸಿ ಬಂದ ಈಸ್ಟರ್‌ಡೈಕ್‌ನ ಅರ್ಧ ಊರು. ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆ ಇತ್ತು, ಯಾರಿಗೂ ತಾಳ್ಮೆ ಇರಲಿಲ್ಲ.

"ಬೌಕ್ಯ, ಗಡಿಯಾರ ನೋಡಿದೀನಿ. ವೊಬ್ಬೆ ಕೈ ತಲೆ ಮೇಲಿದ್ದದ್ದೂ ನೋಡಿದೀನಿ. ನಾನು ಒಪ್ಪಿದೆ," ಎಂದರು ಮೇಷ್ಟ್ರು. "ಇವರು ಒಪ್ಪಲ್ಲ. ವೊಬ್ಬೆ ಬೇರೆ ಯಾರ ಕೈಲೋ ಕೀಳಿಸಿದ ಅಂತಾರೆ. ಕಿತ್ತೋರ ಹೆಸರು ಬೇಕು. ಈ ಸುರುಳಿ ಯಾರು ಸುತ್ತಿದ್ದು ಅಂತ ಹೇಳಬಲ್ಲೆಯಾ?"

ಸುರುಳಿಯನ್ನು ಕೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಕುಣಿಕೆಯ ಮೇಲೆ ಹೋಯಿತು. ಅಪ್ಪನ ಗಂಟಿನ ಸೊಗಸೇ ಅದು, ಕುಣಿಕೆ ಎಳೆದರೆ ಗಂಟು ಇಲ್ಲವಾಗುತ್ತದೆ. ನೋಡುವವರಿಗೆ ಅದು ಬಿಗಿದ ಗಂಟಿನಂತೆಯೇ ಕಾಣುತ್ತದೆ, ಕುಣಿಕೆ ಅಲಂಕಾರ ಅನಿಸುತ್ತದೆ. ಅಜ್ಜಿಯ ಕೈ ನಡುಗಿತು, ಜಾರಿತು ಎಂದರೆ ಯಾರೂ ಏನೂ ಅನ್ನುವುದಿಲ್ಲ. ವೊಬ್ಬೆಯ ಹೆಸರು ಅರ್ಧ ಮಾತ್ರ ಉಳಿಯುತ್ತದೆ. ನನ್ನ ಮಗಳು ಪೂರ್ತಿ ಉಳಿಯುತ್ತಾಳೆ.

ವೊಬ್ಬೆ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಆಗ ಹಿಸ್ಕೆ ಅಪ್ಪನ ತೋಳು ಬಿಟ್ಟು ಮುಂದೆ ಬಂದಳು. ನಿನ್ನೆ ಅಷ್ಟು ಎತ್ತರದಿಂದ ಹಾರಿದ ಹುಡುಗಿಯ ತುಟಿ ಬಿಳಿಚಿಕೊಂಡಿತ್ತು.

"ಎಳೆದುಬಿಡಿ, ಮುಯ್ಕೆ," ಎಂದಳು ನನಗಷ್ಟೇ ಕೇಳುವಂತೆ. "ಕುಣಿಕೆ ಎಳೆದುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಆ ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತದೆಂದು ಹಿಸ್ಕೆಗೆ ನಾನು ಯಾವತ್ತೂ ಹೇಳಿರಲಿಲ್ಲ. ವೊಬ್ಬೆ ಮನೆಯಲ್ಲಿ ಕೆಲಸದ ಮಾತಾಡುವವನಲ್ಲ. ಅವಳಿಗೆ ಹೇಳಬಹುದಾದವಳು ನನ್ನ ಮಗಳೊಬ್ಬಳೇ. ಮೂರು ನಲವತ್ತೆರಡಕ್ಕೆ ಡೇರೆಯ ಹಿಂದೆ ಏನಾಗಲಿದೆ ಎಂದು ಈ ಹುಡುಗಿಗೆ ಗೊತ್ತಿತ್ತು, ಗೊತ್ತಿದ್ದೇ ಹಾರಿದ್ದಳು.

ಹೆಬ್ಬೆರಳನ್ನು ಕುಣಿಕೆಯಿಂದ ತೆಗೆದೆ. ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಷ್ಟ್ರ ಕೈಗೆ ಕೊಟ್ಟೆ.

"ಇದನ್ನ ಬಿಚ್ಚದೆ ಇಟ್ಕೊಳ್ಳಿ, ಮೇಷ್ಟ್ರೇ," ಎಂದೆ. ಜೋರಾಗಿಯೇ ಹೇಳಿದೆ, ಈಸ್ಟರ್‌ಡೈಕ್‌ನ ಕೊನೆಯ ಸಾಲಿಗೂ ಕೇಳುವಂತೆ. "ಇಷ್ಟು ಚೆನ್ನಾಗಿ ಸುತ್ತೋಳು ಈ ಪ್ರಾಂತದಲ್ಲಿ ಒಬ್ಬಳೇ. ನನ್ನ ಮಗಳು ಯೆಲ್ಟ್ಸೆ."